ಕೊಳೆಗೂ ಒಂದು ಲೆಕ್ಕ ಇದೆ: ಗೇಣುದ್ದದ ರೈಲ್ವೆ ಸ್ಟೇಷನ್ ಕಟ್ಟಿದ ಕಥೆ

ಇವತ್ತು ನನ್ನ ಮೇಜಿನ ಮೇಲೆ ಒಂದು ರೈಲ್ವೆ ಸ್ಟೇಷನ್ ಇದೆ. ಉದ್ದ ಒಂದು ಗೇಣು, ಬಾಗಿಲ ಎತ್ತರ ಎರಡು ಸೆಂಟಿಮೀಟರ್ ಚಿಲ್ಲರೆ. ಪ್ಲಾಸ್ಟಿಕ್ ಕಿಟ್ ತರಿಸಿ, ಅಂಟಿಸಿ, ಬಣ್ಣ ಬಳಿದು, ಆಮೇಲೆ ಬೇಕಂತಲೇ ಹಳೇದು ಮಾಡಿದ್ದೀನಿ. ಮಾಡೆಲ್ ರೈಲು ಹವ್ಯಾಸದವರು ಇದಕ್ಕೆ ವೆದರಿಂಗ್ ಅಂತಾರೆ. ಬಿಸಿಲು, ಮಳೆ, ಹೊಗೆ ವರ್ಷಗಟ್ಟಲೆ ಮಾಡೋ ಕೆಲಸವನ್ನ ನಾವು ಒಂದೆರಡು ಸಂಜೆಯಲ್ಲಿ ಮಾಡೋದು. ಮೊದಲ ಸಲ ನಾನು ಅದನ್ನ ಪೂರ್ತಿ ತಪ್ಪು ಮಾಡಿದೆ. ತಪ್ಪು ಹಿಡಿದದ್ದು ನನ್ನ ಅಜ್ಜ.

ಅಜ್ಜ ಮಲೆನಾಡಿನ ಒಂದು ಸಣ್ಣ ಮೀಟರ್ ಗೇಜ್ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಲೈನು ಬ್ರಾಡ್ ಗೇಜ್ ಆದಾಗ ಆ ಹೆಂಚಿನ ಕಟ್ಟಡ ಹೋಯ್ತು. ಮನೆಯಲ್ಲಿ ಅದರ ಒಂದು ಫೋಟೋನೂ ಇಲ್ಲ. ಅದನ್ನ ಪುಟ್ಟದಾಗಿ ಆದ್ರೂ ಅವರ ಕಣ್ಮುಂದೆ ಇಡಬೇಕು ಅನ್ನೋದು ನನ್ನ ಆಸೆ.

ಸಿಕ್ಕಿದ್ದು ಯುರೋಪಿನ ಹಳ್ಳಿ ಸ್ಟೇಷನ್ನಿನ ಕಿಟ್. ಅದೇನೂ ತೊಂದರೆ ಇಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಒಂದಕ್ಕೊಂದು ಕಚ್ಚಿಕೊಳ್ಳೋ ನಮ್ಮ ಮಂಗಳೂರು ಹೆಂಚಿನ ವಿನ್ಯಾಸ ಬಂದಿದ್ದೇ ಯುರೋಪಿನಿಂದ. ಹಾಗಾಗಿ ಕಿಟ್‌ನ ಛಾವಣಿ ನಮ್ಮೂರಿಂದೇ ಅನ್ನೋ ಹಾಗಿತ್ತು. ಹೊಗೆಗೂಡು ಒಂದನ್ನ ಹಚ್ಚದೆ ಬಿಟ್ಟೆ, ಅಷ್ಟೇ.

ಈಗ ಅಳತೆ. ಕಿಟ್ ಎಚ್‌ಓ ಸ್ಕೇಲಿನದು, ಅಂದ್ರೆ 1:87. ಐದೂವರೆ ಅಡಿ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರ್‌ಗೂ ಸ್ವಲ್ಪ ಕಮ್ಮಿ. ಒಂದು ಅಡಿ ಅಂದ್ರೆ ಮೂರೂವರೆ ಮಿಲಿಮೀಟರ್. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗತ್ತೆ.

ಕಟ್ಟೋ ವಿಧಾನ ಹೀಗೆ. ಬಿಡಿ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರ್ತವೆ. ತಿರುಚಿ ಮುರೀಬೇಡಿ. ಸಣ್ಣ ಕಟರ್‌ನಲ್ಲಿ ಕತ್ತರಿಸಿ, ಉಳಿದ ಗಂಟನ್ನ ಅರದಿಂದ ಉಜ್ಜಿ. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಒಮ್ಮೆ ತೊಳೀರಿ. ಅಚ್ಚಿನ ಎಣ್ಣೆ ಅಂಶ ಉಳಿದ್ರೆ ಬಣ್ಣ ಹಿಡಿಯಲ್ಲ. ಅಂಟು ಹಚ್ಚೋ ಮೊದಲು ಎಲ್ಲವನ್ನೂ ಹಾಗೇ ಜೋಡಿಸಿ ನೋಡಿ.

ಗೋಡೆಗಳಿಗೆ ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ತೆಳು ದ್ರಾವಣ. ಇದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡನ್ನೂ ಬೆಸೆಯುತ್ತೆ. ಕಿಟಕಿಯ ಪಾರದರ್ಶಕ ಹಾಳೆಗೆ ಮಾತ್ರ ಬಿಳಿ ಫೆವಿಕಾಲ್ ಸಾಕು. ನಾನು ಅವಸರಕ್ಕೆ ಸೂಪರ್ ಗ್ಲೂ ಹಾಕಿದೆ. ಅದರ ಆವಿ ಕೂತು ಎರಡು ಕಿಟಕಿ ಮಂಜು ಹಿಡಿದಂತೆ ಬೆಳ್ಳಗಾದವು. ಆಮೇಲೆ ಬೂದು ಪ್ರೈಮರ್, ಅದರ ಮೇಲೆ ತೆಳುವಾಗಿ ಎರಡು ಕೋಟ್ ಬಣ್ಣ. ಗೋಡೆಗೆ ಸುಣ್ಣದ ಬಿಳಿ, ಹೆಂಚಿಗೆ ಕಂದುಗೆಂಪು.

ಇಷ್ಟಾದ ಮೇಲೆ ಅದು ಆಟಿಕೆ ಥರ ಕಾಣತ್ತೆ. ಇಲ್ಲಿಂದ ವೆದರಿಂಗ್ ಶುರು. ಮುಖ್ಯವಾಗಿ ಮೂರು ದಾರಿ. ಒಂದು ವಾಶ್: ಒಂದು ಪಾಲು ಕಪ್ಪು-ಕಂದು ಅಕ್ರಿಲಿಕ್ ಬಣ್ಣಕ್ಕೆ ಸುಮಾರು ಹತ್ತು ಪಾಲು ನೀರು, ಒಂದು ತೊಟ್ಟು ಸೋಪು. ಇದು ಹೆಂಚಿನ ಸಂದುಗಳಿಗೆ ಇಳಿದು ನೆರಳು ಕೊಡತ್ತೆ. ಎರಡು ಡ್ರೈ ಬ್ರಶ್: ಬ್ರಶ್ಶಿನ ಬಣ್ಣವನ್ನ ಟಿಶ್ಯೂಗೆ ಬಹುಪಾಲು ಒರೆಸಿ, ಉಬ್ಬಿದ ಅಂಚುಗಳ ಮೇಲಷ್ಟೇ ಆಡಿಸೋದು. ಮೂರು ಪುಡಿ: ಪೇಸ್ಟಲ್ ಚಾಕ್ ತುರಿದು ಧೂಳು, ಮಸಿಯ ಹಾಗೆ ಉದುರಿಸೋದು. ಕೊನೆಗೆ ಮ್ಯಾಟ್ ವಾರ್ನಿಶ್ ಸ್ಪ್ರೇ. ಸ್ಪ್ರೇ ಬಿದ್ದಾಗ ಪುಡಿ ಸ್ವಲ್ಪ ಮಾಸತ್ತೆ, ಅದಕ್ಕೇ ಒಂಚೂರು ಜಾಸ್ತಿ ಹಾಕಿರಿ. ಜೋರು ಮಳೆಗಾಲದ ದಿನ ಸ್ಪ್ರೇ ಬೇಡ, ತೇವಕ್ಕೆ ಬಿಳಿ ಪೊರೆ ಕಟ್ಟತ್ತೆ.

ನಾನು ಮೂರನ್ನೂ ಮನಸೋ ಇಚ್ಛೆ ಸುರಿದೆ. ಎಲ್ಲ ಗೋಡೆಗೂ ಒಂದೇ ಸಮ ಕಪ್ಪು, ಅಲ್ಲಲ್ಲಿ ತುಕ್ಕು, ಪಾಚಿ. ಬಿ.ಕಾಂ ಓದಿದವರಿಗೆ ಗೊತ್ತಿರತ್ತೆ, ಡಿಪ್ರಿಸಿಯೇಶನ್‌ನಲ್ಲಿ ಸ್ಟ್ರೈಟ್ ಲೈನ್ ಮೆಥಡ್ ಅಂತ ಇದೆ, ವರ್ಷಕ್ಕೆ ಇಷ್ಟು ಅಂತ ಸಮನಾಗಿ ಕಳೀತಾ ಹೋಗೋದು. ನಾನು ಗೋಡೆಗೆ ಮಾಡಿದ್ದು ಅದನ್ನೇ. ನನಗಂತೂ ಬಹಳ ಚೆನ್ನಾಗಿ ಕಂಡಿತ್ತು.

ಅಜ್ಜ ಕನ್ನಡಕ ಏರಿಸಿ ನೋಡಿದ್ರು. "ಏನೋ ಇದು? ನಾವಿದ್ದಾಗ ಸ್ಟೇಷನ್ನು ಹೀಗಿತ್ತಾ? ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ ಅಂದ್ರೆ ಎರಡು ದಿನ ಮೊದಲೇ ಸುಣ್ಣ ಹೊಡೀತಿದ್ವಿ. ಇದು ಯಾರೂ ಇಲ್ಲದ ಪಾಳು ಮನೆ."

ಮುಖ ಸಣ್ಣದಾಯ್ತು. ಆದ್ರೆ ಅವರು ಹೇಳಿದ್ದು ಸರಿ. ನಾನು ಕಟ್ಟಡಕ್ಕೆ ವಯಸ್ಸು ಕೊಟ್ಟಿದ್ದೆ, ಅದನ್ನ ನೋಡಿಕೊಂಡವರನ್ನ ಅಳಿಸಿಹಾಕಿದ್ದೆ. ಮತ್ತೆ ಕೂತೆ. ಈ ಸಲ ಅಜ್ಜನನ್ನ ಕೇಳಿಕೊಂಡೇ ಮಾಡಿದೆ: ಎಲ್ಲಿ ಕೊಳೆ ಇತ್ತು, ಯಾಕೆ ಇತ್ತು?

ಗೋಡೆಗೆ ಬಿಳಿ ಡ್ರೈ ಬ್ರಶ್ ಮಾಡಿದೆ, ಸೂರಿನ ಕೆಳಗೆ ಮಾತ್ರ ಬಿಟ್ಟೆ. ಸುಣ್ಣದ ಕೈ ಅಲ್ಲಿಗೆ ಎಟುಕ್ತಿರಲಿಲ್ಲ, ಹಾಗಾಗಿ ಉಗಿ ಇಂಜಿನ್ನಿನ ಮಸಿ ಅಲ್ಲೇ ಉಳೀತಿತ್ತು. ಕೆಳಗೆ ಎರಡು ಅಡಿ, ಅಂದ್ರೆ ಏಳು ಮಿಲಿಮೀಟರ್ ಕೆಮ್ಮಣ್ಣಿನ ಪಟ್ಟಿ. ಸೂರಿನ ನೀರು ಬಿದ್ದು ಮಣ್ಣು ಸಿಡಿಯೋದು ಅಷ್ಟೇ ಎತ್ತರಕ್ಕೆ, ಸಿಡಿದದ್ದು ಕೆಂಪು ಪಟ್ಟಿಯ ಮೇಲೆ ಕಾಣಲ್ಲ. ಪಾಚಿ ಬಿಸಿಲು ಬೀಳದ ಹಿಂಬದಿಯ ಹೆಂಚಿಗೆ ಮಾತ್ರ. ಬೆಂಚಿನ ಮೇಲಿನ ಗೋಡೆಗೆ ಮಾಸಲು ಹಳದಿ, ಕಾಯೋರು ತಲೆ ಆನಿಸಿ ಆನಿಸಿ ಆದ ಎಣ್ಣೆ ಕಲೆ. ಮೂಲೆಯಲ್ಲಿ ಸೂಜಿಮೊನೆಯಷ್ಟು ಕೆಂಪು. ಅದು ಏನು ಅಂತ ಎಲೆ-ಅಡಿಕೆ ಹಾಕೋರ ಮನೆಯವರಿಗೆ ಹೇಳಬೇಕಿಲ್ಲ.

ಹಾಗಾಗಿ ನೀವು ಕಿಟ್ ಕಟ್ಟೋದಾದ್ರೆ, ಬ್ರಶ್ ಹಿಡಿಯೋ ಮೊದಲು ಒಂದು ಹಳೇ ಕಟ್ಟಡದ ಮುಂದೆ ಹತ್ತು ನಿಮಿಷ ನಿಲ್ಲಿ. ಒಂದೊಂದು ಕಲೆಗೂ ಕಾರಣ ಹುಡುಕಿ. ಎಲ್ಲಿ ಕಲೆ ಇಲ್ಲವೋ ಅದಕ್ಕೂ ಹುಡುಕಿ. ಕಾರಣ ಸಿಗದ ಕಡೆ ಬಣ್ಣ ಹಚ್ಚಬೇಡಿ.

ಎರಡನೇ ಸಲ ಅಜ್ಜ ಏನೂ ಹೇಳಲಿಲ್ಲ. ಬಹಳ ಹೊತ್ತು ನೋಡಿದ್ರು. ಆಮೇಲೆ ಬಾಗಿಲ ಪಕ್ಕ ಬೆರಳಿಟ್ಟು ಕೇಳಿದ್ರು, "ನನ್ನ ಕೈದೀಪ ಇಲ್ಲೇ ಇಡ್ತಿದ್ದೆ. ಎಲ್ಲಿ ಅದು?"

ಅಳತೆ ಹಾಕಿದ್ದೀನಿ, ಸುಮಾರು ಮೂರು ಮಿಲಿಮೀಟರ್ ಬರತ್ತೆ. ಈ ವಾರ ಅದನ್ನ ಮಾಡ್ತಿದ್ದೀನಿ.