ಲೈಬ್ರರಿಯಲ್ಲಿ ಕನ್ನಡವನ್ನು ಕೇಳಿ ಪಡೆಯುವುದು ಹೇಗೆ?

ಹಾಡಿನ ನಡುವೆ ನಾವು ವೆಬ್‌ಸೈಟ್ ವಿಳಾಸ ಹೇಳಿದರೆ ನೀವು ಪೆನ್ನು ಹುಡುಕುವಷ್ಟರಲ್ಲಿ ಮುಂದಿನ ಹಾಡು ಬಂದಿರುತ್ತದೆ. ಅದಕ್ಕೇ ಈ ಸಲ ವಿಳಾಸಗಳನ್ನೆಲ್ಲ ಇಲ್ಲಿ ಅಚ್ಚಿನಲ್ಲಿ ಕೊಡುತ್ತಿದ್ದೇವೆ. ಕತ್ತರಿಸಿ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯದೆಂದರೆ, ನಿಮ್ಮ ಊರಿನ ಲೈಬ್ರೇರಿಯನ್ ಕೈಗೆ ಒಂದು ಪ್ರತಿ ಕೊಡಿ.

ತಿರುವನಂತಪುರದ ಸ್ಟೇಟ್ ಸೆಂಟ್ರಲ್ ಲೈಬ್ರರಿ ಶುರುವಾದದ್ದು 1829ರಲ್ಲಿ. ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದೂ ಒಂದು. ಕೊಚ್ಚಿಯವರಿಗೆ ಎರ್ನಾಕುಲಂ ಪಬ್ಲಿಕ್ ಲೈಬ್ರರಿ ಇದೆ. ಆದರೆ ನಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿ ಒಂದು ಕನ್ನಡ ಪುಸ್ತಕ ಬೇಕು ಎಂದು ಕೇಳಿದ್ದೇವೆ? ಕೌಂಟರಿನ ಆಚೆ ಕೂತವರಿಗೆ ಕನ್ನಡ ಬಾರದು, ಕೇಳಿ ಏನು ಪ್ರಯೋಜನ ಎಂದು ನಾವೇ ತೀರ್ಮಾನ ಮಾಡಿಕೊಂಡು ಬಂದುಬಿಡುತ್ತೇವೆ. ಯಾರೂ ಕೇಳದ ಭಾಷೆಯ ಪುಸ್ತಕವನ್ನು ಯಾವ ಲೈಬ್ರರಿಯೂ ತರಿಸುವುದಿಲ್ಲ.

ರೆಫರೆನ್ಸ್ ಲೈಬ್ರೇರಿಯನ್ ಎಂಬವರ ಕೆಲಸ ಉತ್ತರ ಗೊತ್ತಿರುವುದಲ್ಲ, ಉತ್ತರ ಎಲ್ಲಿ ಸಿಗುತ್ತದೆ ಎಂದು ಗೊತ್ತಿರುವುದು. ಭಾರತದ ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್. ಆರ್. ರಂಗನಾಥನ್ ಈ ಕೆಲಸವನ್ನು ಬಹಳ ಮುಖ್ಯವೆಂದು ಎಣಿಸಿದವರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಓದುಗನ ಸಮಯ ಉಳಿಸಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. ಕನ್ನಡ ಬಾರದ ಲೈಬ್ರೇರಿಯನ್ ಕೂಡ ನಿಮ್ಮ ಸಮಯ ಉಳಿಸಬಲ್ಲರು, ನೀವು ಪ್ರಶ್ನೆಯನ್ನು ಸರಿಯಾದ ರೂಪದಲ್ಲಿ ಒಯ್ದರೆ.

ಮೊದಲು ಪದಗಳ ವಿಷಯ. ಅಜ್ಜಿ ಹೇಳುತ್ತಿದ್ದ ಒಂದು ಮಾತಿನ ಅರ್ಥ ಏನು ಎಂದು ಮಕ್ಕಳು ಕೇಳುತ್ತಾರೆ. ನಮಗೆ ಕನ್ನಡದಲ್ಲಿ ಗೊತ್ತು, ಮಕ್ಕಳಿಗೆ ಮಲಯಾಳದಲ್ಲಿ ಹೇಳಬೇಕು. ಇದಕ್ಕೆ ಜೋಡಿ ನಿಘಂಟುಗಳಿವೆ. ಕೈಲಾಶ್ ನಾಧ್ ಎಂಬ ಸಾಫ್ಟ್‌ವೇರ್ ತಂತ್ರಜ್ಞರು 2010ರಲ್ಲಿ ಮಲಯಾಳಕ್ಕೆ 'ಓಳಂ' ನಿಘಂಟು ತೆರೆದರು. ಬಳಿಕ 2019ರಲ್ಲಿ ಅವರ ನೆರವಿನಿಂದಲೇ ಕನ್ನಡದ 'ಅಲರ್' ಬಂತು. ಅಲರ್ ಒಳಗಿನ ಸರಕು ವಿ. ಕೃಷ್ಣ ಎಂಬವರು ದಶಕಗಳ ಕಾಲ ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು; ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಅಲರ್ ಡಾಟ್ ಇಂಕ್, ಓಳಂ ಡಾಟ್ ಇನ್. ಒಂದರಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಇನ್ನೊಂದರಲ್ಲಿ ಇಂಗ್ಲಿಷಿನಿಂದ ಮಲಯಾಳಕ್ಕೆ ಇಳಿಯಿರಿ. ಎರಡೂ ಉಚಿತ.

ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ನಿಘಂಟುಗಳ ತಾಣವಿದೆ. ಅಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಆವೃತ್ತಿ ಪೂರ್ತಿ ಸಿಗುತ್ತದೆ. ನಮ್ಮ ಹಾಲು ಇಲ್ಲಿ ಪಾಲ್, ನಮ್ಮ ಹುಳಿ ಇಲ್ಲಿ ಪುಳಿ, ಇಷ್ಟು ನಿಮಗೆಲ್ಲ ಗೊತ್ತು. ಆದರೆ ಹುಲಿ? ಮಲಯಾಳದಲ್ಲಿ ಪುಲಿ ಎಂದರೆ ಸಾಮಾನ್ಯವಾಗಿ ಚಿರತೆ, ನಮ್ಮ ಹುಲಿಗೆ ಇಲ್ಲಿಯವರು ಕಡುವ ಎನ್ನುತ್ತಾರೆ. ಕಾಡಂಚಿನ ಊರಿನಲ್ಲಿ ಪುಲಿ ಬಂತೆಂದು ಸುದ್ದಿ ಕೇಳಿ ಹುಲಿಯೇ ಬಂತೆಂದು ಊರಿಗೆ ಫೋನ್ ಮಾಡುವ ಮುನ್ನ ಇದು ನೆನಪಿರಲಿ! ಆ ಕೋಶದಲ್ಲಿ ಇಂಥ ಪದಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಅಂದ ಹಾಗೆ, ಗುಂಡರ್ಟ್ ಅವರ ಮಲಯಾಳ-ಇಂಗ್ಲಿಷ್ ನಿಘಂಟು (1872) ಮತ್ತು ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು (1894) ಎರಡೂ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ ಮೂಲಕ. ಕಿಟ್ಟೆಲ್ ಕೋಶ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆ. ಗುಂಡರ್ಟ್ ಸಂಗ್ರಹವನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಆನ್‌ಲೈನ್‌ಗೆ ತಂದಿತು. ಅದರಲ್ಲಿ ಮಲಯಾಳದ ಜೊತೆಗೆ ಕನ್ನಡ, ತುಳು ಸಾಮಗ್ರಿಯೂ ಇದೆ.

ಈಗ ಪುಸ್ತಕ ಹುಡುಕುವ ವಿಷಯಕ್ಕೆ ಬರೋಣ. ಹೆಚ್ಚಿನವರು ಸೋಲುವುದು ಇಲ್ಲೇ. ಪುಸ್ತಕ ಇಲ್ಲದೆ ಅಲ್ಲ, ಸ್ಪೆಲ್ಲಿಂಗ್ ಹೊಂದದೆ. ವರ್ಲ್ಡ್‌ಕ್ಯಾಟ್ ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ. ಆದರೆ ಅವರು ಕನ್ನಡವನ್ನು ರೋಮನ್ ಲಿಪಿಗೆ ತರುವ ನಿಯಮ ಬೇರೆ. ಕಾರಂತರ 'ಚೋಮನ ದುಡಿ'ಯನ್ನು ನಾವು ಇಂಗ್ಲಿಷಿನಲ್ಲಿ ಸಿ-ಎಚ್ ಹಾಕಿ ಬರೆಯುತ್ತೇವೆ. ಅವರು ಚ ಅಕ್ಷರಕ್ಕೆ ಬರೀ ಸಿ ಹಾಕುತ್ತಾರೆ, ಸಿ-ಎಚ್ ಎಂದರೆ ಅವರಿಗೆ ಛ. ಕಾರಂತ ಎಂಬುದಕ್ಕೆ ನಾವು ಕೊನೆಯಲ್ಲಿ ಟಿ-ಎಚ್ ಬರೆದರೆ ಅವರು ಟಿ ಮತ್ತು ಎ ಬರೆಯುತ್ತಾರೆ. ಆದ್ದರಿಂದ ಒಂದು ಸಲ ಸಿಗಲಿಲ್ಲವೆಂದು ಬಿಡಬೇಡಿ, ಎರಡು ಮೂರು ರೀತಿ ಹಾಕಿ ನೋಡಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಗೋಜಲು ಇನ್ನೂ ಹೆಚ್ಚು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಈಗ ಅಲ್ಲಿವೆ. ಆ ಯೋಜನೆಯ ಮೂಲ ತಾಣ ಮುಚ್ಚಿದೆ. ಹೆಸರುಗಳನ್ನು ಆಗ ತೋಚಿದಂತೆ ಟೈಪ್ ಮಾಡಿದ್ದರಿಂದ ದೀರ್ಘಕ್ಕೆ ಒಮ್ಮೆ ಒಂದು ಅಕ್ಷರ, ಒಮ್ಮೆ ಎರಡು. ಪುಸ್ತಕದ ಹೆಸರು ಕೈಕೊಟ್ಟರೆ ಲೇಖಕರ ಹೆಸರಿನ ತುಂಡೊಂದನ್ನು ಹಾಕಿ ಹುಡುಕಿ.

ಲೈಬ್ರೇರಿಯನ್‌ಗಳಿಗೆ ನಾವು ಮುಖ್ಯವಾಗಿ ಹೇಳಬೇಕಾದ ಉಪಕರಣ ಒಂದಿದೆ: 'ಅಕ್ಷರಮುಖ'. ಕನ್ನಡ ಲಿಪಿಯ ಸಾಲನ್ನು ಹಾಕಿದರೆ ಅದು ಮಲಯಾಳ ಲಿಪಿಗೆ ತಿರುಗಿಸಿ ಕೊಡುತ್ತದೆ. ಅನುವಾದ ಅಲ್ಲ, ಲಿಪಿ ಮಾತ್ರ. ಎರಡು ಲಿಪಿಗಳಲ್ಲೂ ಅಕ್ಷರಗಳ ಕ್ರಮ ಬಹುತೇಕ ಒಂದೇ ಆದ್ದರಿಂದ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಕನ್ನಡ ಓದಲು ಬಾರದ ಕೊಚ್ಚಿಯ ಲೈಬ್ರೇರಿಯನ್ ಕೂಡ 'ಮರಳಿ ಮಣ್ಣಿಗೆ' ಎಂದು ಬಾಯಿಬಿಟ್ಟು ಓದಬಹುದು, ಕಪಾಟಿನಲ್ಲಿ ಸರಿಯಾದ ಜಾಗದಲ್ಲಿ ಇಡಬಹುದು.

ಕಾಸರಗೋಡಿನಿಂದ ಬಂದು ಇಲ್ಲಿ ನೆಲೆಸಿದವರಿಗೆ ಬೇರೆ ಬಗೆಯ ಪ್ರಶ್ನೆಗಳಿರುತ್ತವೆ: ಮನೆತನದ ಊರು, ಹಳೆಯ ದಾಖಲೆ, ತಾಲೂಕಿನ ಚರಿತ್ರೆ. ಇಲ್ಲಿ ಊರಿನ ಹೆಸರಿಗಿಂತ ವರ್ಷ ಮುಖ್ಯ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ ಮೇಲೆ 1957ರಿಂದ ಕಣ್ಣೂರು ಜಿಲ್ಲೆ. ಸ್ವಂತ ಜಿಲ್ಲೆಯಾದದ್ದು 1984ರಲ್ಲಿ. ಹಾಗಾಗಿ ಕೇರಳ ಎಂದು ಹಾಕಿ 1900ರ ಸಂಗತಿ ಹುಡುಕಿದರೆ ಕೈಗೆ ಹೆಚ್ಚೇನೂ ಬರದು. 'ಸೌತ್ ಕೆನರಾ' ಎಂದು ಹಳೆಯ ಹೆಸರಿನಲ್ಲಿ ಹುಡುಕಿದರೆ ಸ್ಟರಾಕ್ ಅವರ 1894ರ ಜಿಲ್ಲಾ ಮ್ಯಾನ್ಯುಯಲ್, ಮರುವರ್ಷ ಬಂದ ಅದರ ಎರಡನೇ ಸಂಪುಟ ಸಿಗುತ್ತವೆ. ಕಣ್ಣೂರಿಗೂ 'ಕ್ಯಾನನೋರ್' ಎಂಬ ಹಳೆಯ ರೂಪ ಹಾಕಿ ನೋಡಬೇಕು. ಆ ಕಾಲದ ಫೋಟೋ ಬೇಕಾದರೆ ಬಾಸೆಲ್ ಮಿಷನ್ ಆರ್ಕೈವ್ಸ್ ತಾಣದಲ್ಲಿ ಮಂಗಳೂರು, ಕಣ್ಣೂರು, ಕೋಯಿಕ್ಕೋಡ್ ಚಿತ್ರಗಳಿವೆ. ನೋಡುತ್ತಾ ಕೂತರೆ ಅರ್ಧ ಭಾನುವಾರ ಹೋಗುತ್ತದೆ. ಗಡಿನಾಡಿನ ಕನ್ನಡದ ಬಗ್ಗೆ ಸಂಶೋಧನೆ ಬೇಕೇ? ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ'ದಲ್ಲಿ ಪೂರ್ತಿಯಾಗಿ ಓದಲು ಸಿಗುತ್ತವೆ.

ಶಾಲೆಯ ಭಾಷಣಕ್ಕೆ ಒಂದು ವಚನ ಬೇಕು, ಅದರಲ್ಲಿ ಒಂದೇ ಪದ ನೆನಪಿದೆ ಎನ್ನುವವರಿಗೆ 'ವಚನ ಸಂಚಯ' ತಾಣ. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ವಚನಗಳಲ್ಲಿ ಪದ ಹಾಕಿ ಹುಡುಕಬಹುದು, ವಚನಕಾರರ ಹೆಸರಿನಿಂದಲೂ ಹೋಗಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' 2016ರಲ್ಲಿ ಆರಂಭವಾಯಿತು, ಅಲ್ಲಿ ಪಾರಿಭಾಷಿಕ ಕೋಶಗಳು ಹೆಚ್ಚು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮೊದಲ ಸುಳಿವಿಗೆ ಸರಿ, ಕೊನೆಯ ಮಾತಿಗೆ ಅಲ್ಲ. ಈಚೆಗೆ ಎಲ್ಲರ ಕೈಯಲ್ಲಿರುವ ಚಾಟ್‌ಬಾಟ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಇಲ್ಲದ ಕನ್ನಡ ಪುಸ್ತಕಕ್ಕೆ ಲೇಖಕರನ್ನೂ ಪ್ರಕಾಶಕರನ್ನೂ ಹುಟ್ಟಿಸಿ ಕೊಡುವುದು ಅವಕ್ಕೆ ನೀರು ಕುಡಿದಷ್ಟು ಸುಲಭ. ಅವು ಹೇಳಿದ ಹೆಸರನ್ನು ಯಾವುದಾದರೂ ಕ್ಯಾಟಲಾಗಿನಲ್ಲಿ ಕಂಡ ಮೇಲೆಯೇ ನಂಬಿ.

ಕೆಲವು ಪುಸ್ತಕ ಪೂರ್ತಿ ಸಿಗುತ್ತದೆ, ಕೆಲವು ಯಾಕೆ ಇಲ್ಲ ಎಂದು ನೀವು ಕೇಳಬಹುದು. ನಮ್ಮ ಕಾಪಿರೈಟ್ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ನಂತರದ ವರ್ಷದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ನಿಧನರಾದರು. ಅವರು ಬದುಕಿದ್ದಾಗಲೇ ಪ್ರಕಟವಾದ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನೆಟ್‌ನಲ್ಲಿ ಏರಿಸಬಹುದು. ಕಾರಂತರು ಹೋದದ್ದು 1997ರಲ್ಲಿ. ಅವರ ಕಾದಂಬರಿಗಳಿಗೆ 2057ರ ಕೊನೆಯವರೆಗೆ ಕಾಯಬೇಕು, ಇಲ್ಲವೇ ಅಂಗಡಿಯಲ್ಲಿ ಕೊಳ್ಳಬೇಕು, ಇಲ್ಲವೇ ಲೈಬ್ರರಿಗೆ ತರಿಸಿ ಎನ್ನಬೇಕು.

ತರಿಸಿ ಎನ್ನುವಾಗ ಬಾಯಲ್ಲಿ ಹೇಳಿ ಬರಬೇಡಿ. ಒಂದು ಚೀಟಿಯಲ್ಲಿ ಪುಸ್ತಕದ ಹೆಸರು ಕನ್ನಡದಲ್ಲಿ, ಅದರ ಕೆಳಗೆ ಮಲಯಾಳ ಲಿಪಿಯಲ್ಲಿ, ಅದರ ಕೆಳಗೆ ಕ್ಯಾಟಲಾಗಿನ ರೋಮನ್ ಸ್ಪೆಲ್ಲಿಂಗ್, ಲೇಖಕರು, ಪ್ರಕಾಶಕರು ಎಲ್ಲ ಬರೆದು ಕೊಡಿ. ಹೊಸ ಪುಸ್ತಕಗಳಿಗೆ ಸಲಹೆ ಬರೆಯುವ ಪುಸ್ತಕವಿದೆಯೇ ಎಂದು ಕೇಳಿ, ಇದ್ದರೆ ಅದರಲ್ಲೂ ಹಾಗೆಯೇ ಬರೆಯಿರಿ. ನಿಮ್ಮ ನಂತರ ಬರುವ ಇನ್ನೊಬ್ಬ ಕನ್ನಡದವರು ಅದನ್ನು ನೋಡಿ ಕೆಳಗೆ ತಮ್ಮ ಹೆಸರನ್ನೂ ಸೇರಿಸಿಯಾರು.