ನಿಮಗಿದು ಗೊತ್ತೆ? ‘ಫೋಕ್’ ಎಂದರೆ ಜನ

ಇಂಗ್ಲೆಂಡಿನ ನಾರ್ಫೋಕ್, ಸಫೋಕ್ ಕೌಂಟಿಗಳ ಹೆಸರಿನಲ್ಲೇ ಜನರಿದ್ದಾರೆ: ಮೊದಲನೆಯದು ಬಡಗಣ ಜನ, ಎರಡನೆಯದು ತೆಂಕಣ ಜನ. ಜರ್ಮನ್ನರ ಫೋಕ್ಸ್‌ವ್ಯಾಗನ್ ಕೂಡ ಇದೇ ಬಳಗದ್ದು, ಜನರ ಕಾರು. ಅಮೆರಿಕದವರು ‘ಮೈ ಫೋಕ್ಸ್’ ಎಂದರೆ ಹೆಚ್ಚಾಗಿ ಅಪ್ಪ-ಅಮ್ಮ, ಮನೆಮಂದಿ.

ಜಾನಪದ ಎಂಬರ್ಥದ ‘ಫೋಕ್‌ಲೋರ್’ ಪದ ಮಾತ್ರ ಅಷ್ಟು ಹಳೆಯದಲ್ಲ. ಲಂಡನ್ನಿನ ‘ಅಥೀನಿಯಂ’ ವಾರಪತ್ರಿಕೆಯ 1846ರ ಆಗಸ್ಟ್ 22ರ ಸಂಚಿಕೆಯಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ವಿಲಿಯಂ ಥಾಮ್ಸ್ ಅದನ್ನು ಟಂಕಿಸಿದರು. ಪತ್ರಕ್ಕೆ ಹಾಕಿದ್ದು ಆಂಬ್ರೋಸ್ ಮರ್ಟನ್ ಎಂಬ ಗುಪ್ತನಾಮ. ಅಲ್ಲಿಯವರೆಗೆ ಈ ವಿಷಯಕ್ಕೆ ‘ಪಾಪ್ಯುಲರ್ ಆಂಟಿಕ್ವಿಟೀಸ್’ ಎಂಬ ಭಾರದ ಹೆಸರಿತ್ತು. ಜನರ ನಡೆನುಡಿ, ನಂಬಿಕೆ, ಲಾವಣಿ, ಗಾದೆಗಳು ಕಣ್ಮರೆಯಾಗುವ ಮುನ್ನ ಓದುಗರೇ ಬರೆದು ಕಳಿಸಲಿ ಎಂಬುದು ಥಾಮ್ಸ್ ಕಳಕಳಿ. ಎಂಥ ದೂರದೃಷ್ಟಿ! ಆಗಸ್ಟ್ 22 ಈಗ ವಿಶ್ವ ಜಾನಪದ ದಿನ, ಕರ್ನಾಟಕದಲ್ಲೂ ಆಚರಣೆಯಿದೆ.