‘ಸೈಟ್ ಓಪನ್ ಆಗ್ತಿಲ್ಲ’ ಅಂದ್ರೆ ಸಾಲದು. ಬ್ರೌಸರ್ ತೊಂದರೆ ತಿಳಿಸೋದು ಹೀಗೆ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಯಾವ ತಾಲೂಕಿನ ಸೈಬರ್ ಸೆಂಟರ್‌ಗೆ ಹೋದರೂ ಆಗಾಗ ಕಿವಿಗೆ ಬೀಳುವ ಮಾತಿದು. ಆದರೆ ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಪಕ್ಕದ ಅಂಗಡಿಯವರ ಮೊಬೈಲ್‌ನಲ್ಲಿ ಅದೇ ಸೈಟ್ ಸಲೀಸಾಗಿ ತೆರೆಯುತ್ತದೆ. ನಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ‘ಸಬ್‌ಮಿಟ್’ ಒತ್ತಿದರೆ ಏನೂ ಆಗಲ್ಲ. ಇದಕ್ಕೆ ಬ್ರೌಸರ್ ಹೊಂದಾಣಿಕೆಯ ಸಮಸ್ಯೆ ಅಂತಾರೆ.

ಪರದೆ ಮೇಲೆ ಬಟನ್ ಕಾಣಲಿಲ್ಲ ಅಂತ ಗಡುವು ನಮಗಾಗಿ ಕಾಯಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ವ್ಯಾಪಾರಿ ತಡ ಮಾಡಿದರೆ ದಿನಕ್ಕೆ 50 ರೂಪಾಯಿ, ವಹಿವಾಟೇ ಇಲ್ಲದಿದ್ದರೂ ದಿನಕ್ಕೆ 20 ರೂಪಾಯಿ ತಡ ಶುಲ್ಕ ಬೀಳುತ್ತದೆ. ವಿದ್ಯಾರ್ಥಿವೇತನ, ಬೆಳೆ ವಿಮೆ, ಪರೀಕ್ಷಾ ಅರ್ಜಿ ಎಲ್ಲಕ್ಕೂ ಕೊನೆ ದಿನಾಂಕ ಇದ್ದೇ ಇದೆ. ಹಾಗಾಗಿ ತೊಂದರೆ ಎಲ್ಲಿದೆ ಅಂತ ಗುರುತಿಸಿ, ಸರಿಯಾದವರಿಗೆ ಸರಿಯಾಗಿ ತಿಳಿಸೋದನ್ನು ಎಲ್ಲರೂ ಕಲಿಯಬೇಕು. ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ.

ಒಂದೇ ಸೈಟ್, ಬೇರೆ ಬೇರೆ ವರ್ತನೆ ಯಾಕೆ?

ವೆಬ್‌ಸೈಟ್ ಅಂದರೆ ಒಂದು ಅಡುಗೆ ಚೀಟಿ ಇದ್ದ ಹಾಗೆ. ಅದನ್ನು ಓದಿ ಅಡುಗೆ ಮಾಡುವ ಭಟ್ಟರು ಬ್ರೌಸರ್ ಒಳಗಿನ ‘ಎಂಜಿನ್’. ಇಂದು ಮುಖ್ಯವಾಗಿ ಮೂರು ಎಂಜಿನ್‌ಗಳಿವೆ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಬಳಸುವುದು ‘ಬ್ಲಿಂಕ್’. ಫೈರ್‌ಫಾಕ್ಸ್‌ನದು ‘ಗೆಕೊ’. ಆ್ಯಪಲ್‌ನ ಸಫಾರಿಯದು ‘ವೆಬ್‌ಕಿಟ್’. ಚೀಟಿ ಒಂದೇ ಆದರೂ ಸಣ್ಣಪುಟ್ಟ ಕಡೆ ಓದುವ ರೀತಿ ಬೇರೆ. ಸೈಟ್ ಮಾಡಿದವರು ಕ್ರೋಮ್‌ನಲ್ಲಿ ಮಾತ್ರ ನೋಡಿ ‘ಆಯ್ತು’ ಅಂದುಬಿಟ್ಟರೆ ಉಳಿದವರಿಗೆ ತೊಂದರೆ ಶುರು.

ಇನ್ನೊಂದು ಕಾರಣ ಹೆಸರು ಕೇಳಿ ಬಾಗಿಲು ತೆಗೆಯುವ ಅಭ್ಯಾಸ. ಪ್ರತಿ ಬ್ರೌಸರ್ ಸೈಟ್‌ಗೆ ಹೋದಾಗ ತನ್ನ ಹೆಸರು, ಆವೃತ್ತಿ ಸಂಖ್ಯೆ ಹೇಳುತ್ತದೆ. ಕೆಲವು ಸೈಟ್‌ಗಳು ಆ ಹೆಸರು ನೋಡಿಯೇ ‘ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ’ ಅಂತ ವಾಪಸ್ ಕಳಿಸುತ್ತವೆ. ಒಳಗೆ ಬಿಟ್ಟಿದ್ದರೆ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿತ್ತು ಅನ್ನೋದೂ ಇದೆ.

2022ರಲ್ಲಿ ಇದಕ್ಕೊಂದು ಒಳ್ಳೆ ಉದಾಹರಣೆ ಸಿಕ್ಕಿತು. ಆ ವರ್ಷ ಮಾರ್ಚ್‌ನಲ್ಲಿ ಕ್ರೋಮ್, ಮೇನಲ್ಲಿ ಫೈರ್‌ಫಾಕ್ಸ್ 100ನೇ ಆವೃತ್ತಿಗೆ ಬಂದವು. ಎರಡಂಕಿಯನ್ನಷ್ಟೇ ಓದುವಂತೆ ಬರೆದ ಸೈಟ್‌ಗೆ 100 ಅನ್ನೋದು 10 ಅಂತ ಕಾಣಬಹುದು. ಆಗ ಅದು ‘ಬ್ರೌಸರ್ ಹಳೆಯದು’ ಅನ್ನುತ್ತದೆ. 2009ರಲ್ಲಿ ಒಪೆರಾ 10ಕ್ಕೆ ಬಂದಾಗಲೂ ಇದೇ ಕಥೆ. ಕೊನೆಗೆ ಒಪೆರಾ ತನ್ನನ್ನು 9.80 ಅಂತಲೇ ಹೇಳಿಕೊಳ್ಳಬೇಕಾಯಿತು. ಹಾಗಾಗಿ ಈ ಸಲ ಕ್ರೋಮ್, ಫೈರ್‌ಫಾಕ್ಸ್ ತಂಡಗಳು ಮೊದಲೇ ‘100’ ಅಂತ ಹೇಳಿಕೊಳ್ಳುವ ಸೆಟ್ಟಿಂಗ್ ಕೊಟ್ಟು, ಪರೀಕ್ಷಿಸಿ ತಿಳಿಸಿ ಅಂತ ಜನರನ್ನೇ ಕೇಳಿದವು.

ಹಳೆ ಕಂಪ್ಯೂಟರ್, ಹಳೆ ಫೋನ್

ವಿಂಡೋಸ್ 7 ಅಥವಾ 8.1 ಇರುವ ಕಂಪ್ಯೂಟರ್‌ಗೆ ಕ್ರೋಮ್‌ನ ಕೊನೆಯ ಆವೃತ್ತಿ 109. ಅದು 2023ರ ಜನವರಿಯದು. ಆಮೇಲೆ ಬಂದ ಸೌಲಭ್ಯಗಳನ್ನು ಬಳಸುವ ಸೈಟ್ ಅದರಲ್ಲಿ ಅರ್ಧಂಬರ್ಧ ಕಾಣಬಹುದು. ಜಿಯೊಫೋನ್‌ನಂಥ ಕೀಪ್ಯಾಡ್ ಫೋನ್‌ಗಳಲ್ಲಿರುವ ಕೈ ಓಎಸ್ 2.5ರ ಎಂಜಿನ್ 2016ರ ಫೈರ್‌ಫಾಕ್ಸ್ ಕಾಲದ್ದು.

ಇದರ ಉಲ್ಟಾ ಸಮಸ್ಯೆಯೂ ಇದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ವಿದಾಯ ಹೇಳಿತು. ಅದಕ್ಕೆಂದೇ ಕಟ್ಟಿದ ಹಳೆ ಪೋರ್ಟಲ್ ಹೊಸ ಬ್ರೌಸರ್‌ನಲ್ಲಿ ನಡೆಯದಿದ್ದರೆ, ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್’ ಆನ್ ಮಾಡಿ ತಾತ್ಕಾಲಿಕವಾಗಿ ಕೆಲಸ ಮುಗಿಸಿಕೊಳ್ಳಬಹುದು.

ಮೊದಲು ನೀವೇ ನೋಡಿ

ದೂರು ಕೊಡುವ ಮುಂಚೆ ಐದು ನಿಮಿಷ ಈ ನಾಲ್ಕು ಪರೀಕ್ಷೆ ಮಾಡಿ:

1. ಅದೇ ಪುಟವನ್ನು ಇನ್ನೊಂದು ಎಂಜಿನ್‌ನ ಬ್ರೌಸರ್‌ನಲ್ಲಿ ತೆರೆಯಿರಿ. ಕ್ರೋಮ್ ಬಿಟ್ಟು ಎಡ್ಜ್‌ನಲ್ಲಿ ನೋಡಿದರೆ ಎಂಜಿನ್ ಬದಲಾಗಲ್ಲ, ಫೈರ್‌ಫಾಕ್ಸ್‌ನಲ್ಲಿ ನೋಡಿ.
2. ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸರಿ ಹೋದರೆ ಹಳೆ ಕುಕಿ ಅಥವಾ ಯಾವುದೋ ಎಕ್ಸ್‌ಟೆನ್ಶನ್ ಕಾರಣ ಇರಬಹುದು.
3. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇದ್ದರೆ ಆಫ್ ಮಾಡಿ.
4. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ.

ಎಲ್ಲ ಕಡೆಯೂ ತೆರೆಯದಿದ್ದರೆ ಬಹುಶಃ ನಿಜಕ್ಕೂ ಸರ್ವರ್‌ನದೇ ತೊಂದರೆ. ಒಂದೇ ಬ್ರೌಸರ್‌ನಲ್ಲಿ ಕೆಟ್ಟಿದ್ದರೆ ಹೊಂದಾಣಿಕೆಯದು.

ದೂರಿನಲ್ಲಿ ಏನೇನಿರಬೇಕು?

‘ನಿಮ್ಮ ಸೈಟ್ ಸರಿಯಿಲ್ಲ, ಮೂರು ದಿನದಿಂದ ಒದ್ದಾಡ್ತಿದೀನಿ’ ಅಂತ ಬರೆದರೆ ಓದುವವರಿಗೆ ಕೋಪ ಗೊತ್ತಾಗುತ್ತೆ, ತೊಂದರೆ ಗೊತ್ತಾಗಲ್ಲ. ಇಷ್ಟು ಕೊಡಿ:

- ಪುಟದ ಪೂರ್ತಿ ವಿಳಾಸ
- ಬ್ರೌಸರ್ ಹೆಸರು ಮತ್ತು ಆವೃತ್ತಿ (ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸಹಾಯ, ‘ಅಬೌಟ್ ಗೂಗಲ್ ಕ್ರೋಮ್’)
- ಫೋನೋ ಕಂಪ್ಯೂಟರೋ, ಯಾವ ವಿಂಡೋಸ್ ಅಥವಾ ಆಂಡ್ರಾಯ್ಡ್
- ಏನು ಮಾಡಿದಿರಿ, ಒಂದೊಂದೇ ಹಂತವಾಗಿ
- ಏನಾಗಬೇಕಿತ್ತು, ಏನಾಯಿತು
- ಬೇರೆ ಯಾವ ಬ್ರೌಸರ್‌ನಲ್ಲಿ ಸರಿಯಾಗಿದೆ
- ಒಂದು ಸ್ಕ್ರೀನ್‌ಶಾಟ್

ಉದಾಹರಣೆಗೆ: ‘ಅರ್ಜಿಯ ಎರಡನೇ ಪುಟದಲ್ಲಿ ಜಿಲ್ಲೆ ಆಯ್ಕೆ ಮಾಡಿದ ಮೇಲೆ ತಾಲೂಕಿನ ಪಟ್ಟಿ ಬರಬೇಕು. ವಿಂಡೋಸ್ 7ರ ಕ್ರೋಮ್ 109ರಲ್ಲಿ ಪಟ್ಟಿ ಖಾಲಿ ಇದೆ. ವಿಂಡೋಸ್ 11ರ ಕ್ರೋಮ್‌ನಲ್ಲಿ ಬರುತ್ತಿದೆ.’ ಇಷ್ಟು ಓದಿದರೆ ಡೆವಲಪರ್‌ಗೆ ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ. ಕನ್ನಡ ಅಕ್ಷರ ಒಡೆದು ಕಂಡರೆ, ಒತ್ತಕ್ಷರ ಪಕ್ಕಕ್ಕೆ ಜಾರಿದ್ದರೆ ಅದನ್ನೂ ತಿಳಿಸಿ. ಕನ್ನಡ ಬಾರದ ಡೆವಲಪರ್‌ಗೆ ಅದು ತಪ್ಪು ಅಂತ ಗೊತ್ತೇ ಆಗಲ್ಲ. ಹೀಗಿರಬೇಕು ಅಂತ ಸರಿಯಾದ ರೂಪದ ಚಿತ್ರವನ್ನೂ ಜೊತೆಗಿಡಿ.

ಯಾರಿಗೆ ತಿಳಿಸೋದು?

ಮೊದಲು ಸೈಟ್‌ನವರಿಗೇ. ಸರ್ಕಾರಿ ಸೈಟ್‌ಗಳಿಗೆ ಕೇಂದ್ರದ ಮಾರ್ಗಸೂಚಿ ಇದೆ. ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷೆ ಮಾಡಿರಬೇಕು, ‘ವೆಬ್ ಇನ್ಫರ್ಮೇಶನ್ ಮ್ಯಾನೇಜರ್’ ಯಾರು ಅಂತ ಸಂಪರ್ಕ ವಿವರ ಕೊಟ್ಟಿರಬೇಕು ಅನ್ನುತ್ತದೆ ಅದು. ಪುಟದ ಕೆಳಗೆ ಹುಡುಕಿ, ಅವರಿಗೆ ಬರೆಯಿರಿ. ರಾಜ್ಯ ಇಲಾಖೆಯ ಸೇವೆಯಾದರೆ ಜನಸ್ಪಂದನ ಸಹಾಯವಾಣಿ 1902ಕ್ಕೂ ಹೇಳಬಹುದು.

ಎರಡನೆಯದು ಬ್ರೌಸರ್ ತಂಡಕ್ಕೆ. ಕಂಪ್ಯೂಟರ್‌ನ ಫೈರ್‌ಫಾಕ್ಸ್‌ನಲ್ಲಿ 2024ರಿಂದ ಮೆನುವಿನೊಳಗೇ ‘ರಿಪೋರ್ಟ್ ಬ್ರೋಕನ್ ಸೈಟ್’ ಇದೆ. ಕ್ರೋಮ್‌ನಲ್ಲಿ ಸಹಾಯದ ಅಡಿಯಲ್ಲಿ ‘ರಿಪೋರ್ಟ್ ಆ್ಯನ್ ಇಶ್ಯೂ’ ಇದೆ.

ಮೂರನೆಯದು ‘ವೆಬ್‌ಕಾಂಪ್ಯಾಟ್ ಡಾಟ್ ಕಾಮ್’. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಸ್ವಯಂಸೇವಕರ ಜೊತೆ ನಡೆಸುವ ಈ ತಾಣದಲ್ಲಿ ಯಾವ ಬ್ರೌಸರ್‌ನ ತೊಂದರೆಯನ್ನಾದರೂ ಬರೆಯಬಹುದು. ಇಲ್ಲಿನ ದೂರು ಹಂತ ಹಂತವಾಗಿ ಸಾಗುತ್ತದೆ: ಮೊದಲು ಒಬ್ಬರು ತಾವೂ ಮಾಡಿ ನೋಡಿ ಖಚಿತಪಡಿಸುತ್ತಾರೆ, ಬಲ್ಲವರು ಕಾರಣ ಹುಡುಕುತ್ತಾರೆ, ತಪ್ಪು ಸೈಟ್‌ನದಾದರೆ ಆ ಸೈಟ್‌ನವರನ್ನು ಸಂಪರ್ಕಿಸುತ್ತಾರೆ, ಬ್ರೌಸರ್‌ನದಾದರೆ ಎಂಜಿನ್ ತಂಡಕ್ಕೆ ಕಳಿಸುತ್ತಾರೆ. ಸೈಟ್‌ನವರು ಉತ್ತರವೇ ಕೊಡದಿದ್ದರೆ, ಕೆಲವು ಸೈಟ್‌ಗಳಿಗೆ ಫೈರ್‌ಫಾಕ್ಸ್ ತಾನೇ ತೇಪೆ ಹಾಕಿಕೊಳ್ಳುತ್ತದೆ. ವಿಳಾಸದ ಜಾಗದಲ್ಲಿ ‘ಅಬೌಟ್:ಕಾಂಪ್ಯಾಟ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಆ ಪಟ್ಟಿ ಕಾಣುತ್ತದೆ.

ಮೊದಲ ಹಂತದ ಖಚಿತಪಡಿಸುವ ಕೆಲಸಕ್ಕೆ ಬೇಕಿರುವುದು ಒಂದೆರಡು ಬ್ರೌಸರ್, ಸ್ವಲ್ಪ ಇಂಗ್ಲಿಷ್, ಒಂದಷ್ಟು ತಾಳ್ಮೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ವಿದ್ಯಾರ್ಥಿಗಳು ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು. ಕನ್ನಡ ಸೈಟ್‌ನ ದೂರನ್ನು ಕನ್ನಡ ಓದುವವರೇ ಚೆನ್ನಾಗಿ ಪರೀಕ್ಷಿಸಬಲ್ಲರು.

ಎಚ್ಚರ ಇರಲಿ

ವೆಬ್‌ಕಾಂಪ್ಯಾಟ್‌ನ ದೂರುಗಳು ಎಲ್ಲರಿಗೂ ಕಾಣುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಆಧಾರ್, ಜಿಎಸ್‌ಟಿ ಸಂಖ್ಯೆ, ಖಾತೆ ಸಂಖ್ಯೆ, ಗಿರಾಕಿಗಳ ಹೆಸರು ಇದ್ದರೆ ಮೊದಲು ಅಳಿಸಿ. ಸೈಬರ್ ಸೆಂಟರ್‌ನವರು ಬೇರೆಯವರ ಅರ್ಜಿಯ ಚಿತ್ರ ಹಾಕಲೇಬಾರದು. ಪಾಸ್‌ವರ್ಡ್, ಒಟಿಪಿ ಯಾರಿಗೂ ಬೇಕಿಲ್ಲ. ಕೇಳಿದರೆ ಅದು ಮೋಸ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರ್‌ಗೆ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ.

ದೂರು ಕೊಟ್ಟ ದಿನವೇ ಸರಿಯಾಗುತ್ತೆ ಅಂತಿಲ್ಲ. ಗಡುವು ಹತ್ತಿರ ಇದ್ದರೆ ಬೇರೆ ಬ್ರೌಸರ್‌ನಲ್ಲಿ ಕೆಲಸ ಮುಗಿಸಿ, ತೊಂದರೆಯಾದ ದಿನಾಂಕ, ಸಮಯ ಕಾಣುವ ಸ್ಕ್ರೀನ್‌ಶಾಟ್ ಎತ್ತಿಟ್ಟುಕೊಳ್ಳಿ. ಆಮೇಲೆ ದೂರು ಬರೆಯೋದನ್ನು ಮಾತ್ರ ಮರೆಯಬೇಡಿ. ನಿಮ್ಮ ಕೆಲಸ ಹೇಗೋ ಆಯಿತು. ಒಂದೇ ಹಳೆ ಕಂಪ್ಯೂಟರ್ ಇಟ್ಟುಕೊಂಡ ಮುಂದಿನ ಊರಿನ ಅಂಗಡಿಯವರಿಗೆ ಆಗಬೇಕಲ್ಲ.